ಮದಾಂ ದ ಮೆಂತೆನೋನ್ ಮತ್ತು ಸೆಂಸೀರಿನ ಬಾಲಿಕೆಯರು

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಕಡೆಯಿಂದ ಬಂದು ನಮ್ಮ ಶಾಲೆಯಲ್ಲಿ ಓದಿಹೋದವರಲ್ಲಿ ಕೆಲವರ ಹೆಣ್ಣುಮಕ್ಕಳು ಇಂದು ಕಾಲೇಜಿನಲ್ಲಿ ಫ್ರೆಂಚ್ ಭಾಷೆಯನ್ನು ತೆಗೆದುಕೊಂಡಿರುವರು. ಫ್ರಾನ್ಸಿನ ಆಂಜೇ ನಗರದಲ್ಲಿ ಮೂಲಮಠವುಳ್ಳ ಗುಡ್ ಶೆಫರ್ಡ್ ಸಭೆಯ ಭಗಿನಿಯರು 1854ರಲ್ಲಿ ಬೆಂಗಳೂರಿಗೆ ಬಂದು ಶಾಲೆಯನ್ನು ತೆರೆದಂದಿನಿಂದ ಆ ನುಡಿಯು ಈ ಊರಿಗೆ ತೀರ ಅಪರಿಚಿತವಾದುದಲ್ಲ. ಆದರೆ ಕ್ರಿಯಾಪದಗಳ ರೂಪಗಳನ್ನೆಲ್ಲ ಉರುಹೊಡೆದು ಪರೀಕ್ಷೆಯಲ್ಲಿ ಮೇಲಾಗಿ ತೇರ್ಗಡೆ ಹೊಂದುವ ಬಾಲಿಕೆಯು ಯಾರಾದರೂ ಫ್ರೆಂಚಿನಲ್ಲಿ ಮಾತನಾಡಿಸಿದ ಕೂಡಲೆ ತಲೆ ತಗ್ಗಿಸಿ ನಿಲ್ಲುವಳೆಂದು ತಾಯಂದಿರು ಹೇಳುವುದುಂಟು. ನಾಟಕವಾಡಿಸಿ ನಾಲಗೆಯನ್ನು ಪಳಗಿಸುವ ಉಪಾಯವನ್ನು ಮುನ್ನೂರು ವರ್ಷಗಳಿಗೂ ಹಿಂದೆ ಒಂದು ಬಾಲಿಕಾ ವಿದ್ಯಾಲಯದಲ್ಲಿ ನಡೆಸಿ, ಅದರ ಫಲವನ್ನೂ ಅಪಾಯವನ್ನೂ ಕಂಡುಕೊಂಡ ಒಬ್ಬ ಸ್ತ್ರೀಯ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಈಕೆಯ ಹುಟ್ಟುಹೆಸರು ಫ್ರಾಂಸ್ವಾಸ್ ದೊಬಿನ್ಯೆ. 1635ನೆಯ ಇಸವಿ ನವೆಂಬರು 27ರಂದು ನಿಯೋರ್ ಎಂಬ ಊರಿನಲ್ಲಿ ಜನಿಸಿದಳು. ಆಗ ಆಕೆಯ ತಂದೆಯು ಅಲ್ಲಿಯ ಸೆರೆಮನೆಯಲ್ಲಿದ್ದನು. ತಾತನಾದ ಅಗ್ರಿಪಾ ದೊಬಿನ್ಯೆಯು ಪ್ರಾಟೆಸ್ಟಂಟ್ ಪಕ್ಷದ ಹೆಸರಾಂತ ವೀರನೂ ಕವಿಯೂ ಆಗಿದ್ದನು. ಕುಲವು ದೊಡ್ಡದಾದರೂ ಮನೆಯಲ್ಲಿ ಹೊಟ್ಟೆಗಿಲ್ಲ. ಶೈಶವದಲ್ಲಿ ಪ್ರಾಟೆಸ್ಟಂಟಳಾದ ಸೋದರತ್ತೆಯ ಮನೆ, ಆಮೇಲೆ ಕಡಲಾಚೆಯ ಮಾರ್ಟಿನೀಕ್ ದ್ವೀಪ, ತಂದೆಯು ಗತಿಸಿದ ಮೇಲೆ ಕಥೋಲಿಕಳಾದ ಬಂಧುವೊಬ್ಬಳ ಹಂಗು, ಕನ್ಯಾಮಠದ ವಾಸ: ಹೀಗೆ ಬಾಲ್ಯವು ಅವರಿವರ ಆಶ್ರಯದಲ್ಲಿ ಕಳೆದುಹೋಯಿತು. 1652ರಲ್ಲಿ, ಹದಿನಾರು ವರ್ಷದ ಈ ಅನಾಥೆಯನ್ನು ಪಾಲ್ ಸ್ಕಾರೋನ್ ಎಂಬ ಕವಿಯು ವಿವಾಹವಾದನು. ಅವನಿಗೆ ನಲವತ್ತು ದಾಟಿತ್ತು. ರೋಗದಿಂದ ಮೈಯೆಲ್ಲ ಕೊಂಕಿ, ಕುಳಿತಲ್ಲಿಂದ ಏಳಲಾರದವನಾಗಿದ್ದನು. ಆದರೂ ನಗೆನಾಟಕಗಳನ್ನು ಬರೆಯುವುದರಲ್ಲಿ ಅವನು ನಿಸ್ಸೀಮನು. ಅವನ ಮನೆಗೆ ಪ್ಯಾರಿಸಿನ ವಿದ್ವಾಂಸರೆಲ್ಲ ಬರುತ್ತಿದ್ದರು. ಒಳ್ಳೆಯ ಮಾತೆಂದರೇನೆಂಬುದನ್ನು ಈಕೆಯು ಕಲಿತದ್ದು ಆ ರೋಗಿಯ ಕೋಣೆಯಲ್ಲಿ.

1660ರಲ್ಲಿ ಪತಿಯು ತೀರಿಕೊಂಡನು. ಬಳಿಕ ಅರಸನಾದ 14ನೆಯ ಲೂಯಿಗೆ ಧರ್ಮಪತ್ನಿಯಲ್ಲದವಳಲ್ಲಿ ಹುಟ್ಟಿದ ಮಕ್ಕಳನ್ನು ಗುಟ್ಟಾಗಿ ಸಾಕುವ ಕೆಲಸವು ಈಕೆಯ ಪಾಲಿಗೆ ಬಂದಿತು. 1674ರಲ್ಲಿ ಮೆಂತೆನೋನ್ ಜಹಗೀರನ್ನು ಕೊಂಡು ಆ ಹೆಸರನ್ನು ಪಡೆದಳು. 1683ರಲ್ಲಿ ರಾಣಿಯು ಮರಣ ಹೊಂದಿದ ಮೇಲೆ ಅರಸನು ಈಕೆಯನ್ನು ರಹಸ್ಯವಾಗಿ ಮದುವೆಯಾದನು. ರಾಣಿಯೆಂಬ ಬಿರುದು ಮಾತ್ರ ಕೊನೆಯವರೆಗೂ ದೊರೆಯಲಿಲ್ಲ. 1685ರಲ್ಲಿ ಪ್ರಾಟೆಸ್ಟಂಟರ ಹಕ್ಕುಗಳನ್ನು ಅರಸನು ಕಿತ್ತುಕೊಂಡಾಗ ಈಕೆಯೇ ಅದಕ್ಕೆ ಪ್ರೇರಕಳೆಂದು ಜನರು ದೂರಿದರು. ಆ ದೂರಿಗೆ ಆಧಾರ ಸಾಲದೆಂಬುದು ಈಚಿನ ಇತಿಹಾಸಕಾರರ ಮತ. ಆದರೆ ತಾತನ ಮತಸ್ಥರಿಗಾಗಿ ಈಕೆಯು ಹೋರಾಡಿದಳೆಂದು ಹೇಳುವಂತೆಯೂ ಇಲ್ಲ.

ರಾಜವೈಭವದ ನಡುವೆಯೂ ಆಕೆಯು ತನ್ನ ಬಾಲ್ಯದ ಬಡತನವನ್ನು ಮರೆಯಲಿಲ್ಲ. ತನ್ನಂತೆಯೇ ಕುಲವಿದ್ದು ಹಣವಿಲ್ಲದ ಮನೆಗಳ ಹೆಣ್ಣುಮಕ್ಕಳಿಗೆಂದು 1686ರಲ್ಲಿ, ಅರಸನ ಸಹಾಯದಿಂದ, ವರ್ಸಾಯಿಯ ಸಮೀಪದ ಸೆಂಸೀರ್ ಎಂಬಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದಳು. ಅಲ್ಲಿದ್ದ ಬಾಲಿಕೆಯರು 250 ಮಂದಿ. ಏಳರಿಂದ ಹನ್ನೆರಡು ವರ್ಷದೊಳಗೆ ಸೇರಿದವರು ಇಪ್ಪತ್ತು ತುಂಬುವವರೆಗೆ ಖರ್ಚಿಲ್ಲದೆ ಅಲ್ಲಿಯೇ ಇರುತ್ತಿದ್ದರು. ಕೆಂಪು, ಹಸುರು, ಹಳದಿ, ನೀಲಿ ಎಂಬ ನಾಲ್ಕು ಬಣ್ಣದ ಪಟ್ಟಿಗಳು ನಾಲ್ಕು ತರಗತಿಗಳ ಗುರುತು. ಕೆಂಪಿನವರು ಎಲ್ಲರಿಗಿಂತ ಚಿಕ್ಕವರು.

ಈ ಮಕ್ಕಳು ಫ್ರೆಂಚರೇ ಆಗಿದ್ದರಲ್ಲಾ, ಅವರಿಗೆ ಫ್ರೆಂಚ್ ಕಲಿಸುವುದೇಕೆ ಎಂದು ವಾಚಕರು ಕೇಳಬಹುದು. ಅವರು ದೂರದ ಸೀಮೆಗಳಿಂದ ತಮ್ಮ ತಮ್ಮ ಊರ ನುಡಿಗಳನ್ನು ಹೊತ್ತು ಬಂದವರು. ಕುಂದಾಪುರದ ಹುಡುಗಿಯೂ ಕೋಲಾರದ ಹುಡುಗಿಯೂ ಒಂದೇ ವಸತಿಗೃಹದಲ್ಲಿ ಸೇರಿದರೆ ಏನಾಗುವುದೋ ಅಲ್ಲಿಯೂ ಅದೇ ಆಯಿತು. ಶುದ್ಧವೂ ಸರಳವೂ ಆದ ಮಾತನ್ನು ಅವರ ಬಾಯಿಗೆ ತರಬೇಕೆಂದು ಮದಾಂ ದ ಮೆಂತೆನೋನಳು ತಾನೇ ಚಿಕ್ಕ ಚಿಕ್ಕ ಸಂಭಾಷಣೆಗಳನ್ನೂ, ಗಾದೆಗಳ ಮೇಲೆ ಪುಟ್ಟ ನಾಟಕಗಳನ್ನೂ ಬರೆದಳು. ಬಾಲಿಕೆಯರು ಪಾತ್ರಗಳನ್ನು ಹಂಚಿಕೊಂಡು ತರಗತಿಯಲ್ಲೇ ಎದುರುಬದುರಾಗಿ ನಿಂತು ಅವನ್ನು ನುಡಿಯುವರು. ವಿನಯವೆಂದರೇನು, ವಿವೇಕವೆಂದರೇನು ಎಂಬ ಚರ್ಚೆಯ ನೆವದಲ್ಲಿ ಉಚ್ಚಾರವು ತಿದ್ದುವುದು, ಸಂಕೋಚವು ಬಿಡುವುದು, ವಾಕ್ಯವು ನೆನಪಿನಲ್ಲಿ ನಿಲ್ಲುವುದು. ನಮ್ಮ ದಕ್ಷಿಣ ಕನ್ನಡದಲ್ಲಿ ಮನೆಯಲ್ಲಿ ತುಳುವಾಡುವ ಎಷ್ಟೋ ಮಂದಿ ಯಕ್ಷಗಾನ ತಾಳಮದ್ದಳೆಗಳ ಅರ್ಥಗಾರಿಕೆಯಿಂದಲೇ ತಿಳಿಗನ್ನಡವನ್ನು ಸಂಪಾದಿಸಿದವರು. ಅದನ್ನು ಬಲ್ಲವರಿಗೆ ಈ ಕ್ರಮವು ಹೊಸದೆಂದು ತೋರಲಾರದು.

ದೊಡ್ಡ ಹುಡುಗಿಯರಿಗೆ ದೊಡ್ಡ ನಾಟಕವೇ ಬೇಕಾಯಿತು. ಮುಖ್ಯಾಧ್ಯಾಪಿನಿಯಾದ ಮದಾಂ ದ ಬ್ರಿನೋನಳು ಬರೆದುಕೊಟ್ಟ ನಾಟಕಗಳು ನೀರಸವಾಗಿದ್ದುವು. ಮಹಾಕವಿ ರಾಸೀನನ ಆಂದ್ರೊಮಾಕ್ ನಾಟಕವನ್ನು ಆಡಿಸಿದಾಗಲಾದರೋ, ಅದರಲ್ಲಿಯ ಪ್ರಣಯಾವೇಶವನ್ನು ಬಾಲಿಕೆಯರು ಬೇಕಾದುದಕ್ಕಿಂತ ಸೊಗಸಾಗಿ ಅಭಿನಯಿಸಿಬಿಟ್ಟರು! ಗಾಬರಿಗೊಂಡ ಆಕೆಯು ಪ್ರಣಯವಿಲ್ಲದ, ಧರ್ಮಕ್ಕೊಪ್ಪುವ ಕಥೆಯೊಂದನ್ನು ರಚಿಸಿಕೊಡಬೇಕೆಂದು ರಾಸೀನನನ್ನೇ ಕೇಳಿಕೊಂಡಳು. ಅವನು 1677ರಿಂದ ರಂಗಭೂಮಿಯನ್ನು ತೊರೆದು ಅರಸನ ಚರಿತ್ರಕಾರನಾಗಿದ್ದನು. ಹನ್ನೆರಡು ವರ್ಷಗಳ ಮೌನವನ್ನು ಈ ಶಾಲೆಗಾಗಿ ಮುರಿದು, ಸತ್ಯವೇದದ ಎಸ್ತೇರಳ ಕಥೆಯನ್ನು ಮೂರು ಅಂಕಗಳ ನಾಟಕವಾಗಿ ಬರೆದನು. ಮೊರೋ ಎಂಬ ಸಂಗೀತಗಾರನು ಹಾಡುಗಳಿಗೆ ಸ್ವರಗೂಡಿಸಿದನು.

ಅಹಷ್ವೇರೋಷ ರಾಜನಿಂದ ಹಾಮಾನನವರೆಗೆ ಎಲ್ಲ ಪಾತ್ರಗಳೂ ಬಾಲಿಕೆಯರವೇ. ಅರಸನ ನೃತ್ಯೋತ್ಸವಗಳಿಗೆಂದು ಹಿಂದೆ ಮಾಡಿಸಿದ್ದ ಮುತ್ತುರತ್ನಗಳ ಉಡುಪುಗಳು ಅವರಿಗೆ ದೊರೆತುವು. ಕವಿಯೇ ಬಂದು ಒಂದೊಂದು ಪದವನ್ನೂ ತಿದ್ದಿ ನುಡಿಸಿದನು. ತಪ್ಪಿಲ್ಲದೆ ಆಡುವಂತಾಗಲೆಂದು ಹುಡುಗಿಯರು ಪರದೆಯ ಹಿಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರಂತೆ. ಒಬ್ಬಳು ಮಾತು ಮರೆತು ತಡವರಿಸಿದಾಗ ಕವಿಯು ಗದರಿದನು, ಅವಳು ಅತ್ತಳು, ಓಡಿಹೋಗಿ ಅವಳ ಕಣ್ಣೀರನ್ನು ಒರೆಸುತ್ತ ತಾನೂ ಅತ್ತನೆಂದು ಅವನ ಮಗನು ಬರೆದಿಟ್ಟಿರುವನು. ಗುರುವಾದವರಿಗೆ ಈ ಸಂಗತಿಯು ಪ್ರಿಯವಾಗದೆ ಇರದು.

1689ನೆಯ ಇಸವಿ ಜನವರಿ 26ರಂದು ಅರಸನ ಎದುರಿನಲ್ಲಿ ಎಸ್ತೇರ್ ಪ್ರಯೋಗವಾಯಿತು. ಕೀರ್ತಿಯು ಹಬ್ಬಿತು. ದೇಶಭ್ರಷ್ಟನಾಗಿ ಬಂದಿದ್ದ ಇಂಗ್ಲೆಂಡಿನ ಅರಸ 2ನೆಯ ಜೇಮ್ಸನೂ ನೋಡಿದನು. ಆಹ್ವಾನವಿಲ್ಲದವರು ನುಗ್ಗದಂತೆ ಲೂಯಿ ಮಹಾರಾಜನೇ ಬಾಗಿಲಲ್ಲಿ ನಿಂತು ಬೆತ್ತವನ್ನು ಅಡ್ಡ ಹಿಡಿಯುತ್ತಿದ್ದನು.

ತರಗತಿಗಾಗಿ ಹುಟ್ಟಿದ ಸಾಧನವು ಆಸ್ಥಾನದ ವಿನೋದವಾಯಿತು. ಹೊಗಳಿಕೆಯಿಂದ ಬಾಲಿಕೆಯರ ತಲೆ ತಿರುಗಿತು. ಧ್ವನಿ ಕೆಟ್ಟೀತೆಂದು ದೇವಾಲಯದಲ್ಲಿ ಕೀರ್ತನೆ ಹಾಡಲು ಕೆಲವರು ಒಲ್ಲೆನೆಂದರಂತೆ. ವರ್ಸಾಯಿಯ ಗುರುಗಳಾದ ಎಬೇರರು ಇದನ್ನು ಖಂಡಿಸಿದರು. ರಾಸೀನನು ಅತಲ್ಯಳ ಕಥೆಯನ್ನು ಇನ್ನೂ ಶ್ರೇಷ್ಠವಾದ ನಾಟಕವಾಗಿ ರಚಿಸಿ ತಂದಾಗ, 1691ರ ಜನವರಿಯಲ್ಲಿ ಅದನ್ನು ವೇಷಭೂಷಣಗಳಿಲ್ಲದೆ, ಶಾಲೆಯ ನಿತ್ಯದ ಉಡುಪಿನಲ್ಲಿಯೇ, ಬೆರಳೆಣಿಕೆಯ ಜನರೆದುರು ನುಡಿಸಲಾಯಿತು. 1692ರಲ್ಲಿ ಶಾಲೆಯು ಕಟ್ಟುನಿಟ್ಟಾದ ಕನ್ಯಾಮಠವಾಗಿ ಮಾರ್ಪಟ್ಟಿತು. ಪ್ರೇಕ್ಷಕರನ್ನು ಹೊರಗಿಟ್ಟದ್ದು ಸರಿಯೆಂದೇ ನಮಗೆ ತೋರುವುದು. ಆದರೆ ತಾನು ಸಡಿಲಿಸಿದ ಕಟ್ಟಿನ ತಪ್ಪಿಗಾಗಿ ಆಕೆಯು ಮಕ್ಕಳ ಓದನ್ನೂ ಮಾತನ್ನೂ ಬಿಗಿಗೊಳಿಸಿದ್ದು ಅತಿಯಾಯಿತು. ಶಿಕ್ಷೆ ಬಿದ್ದದ್ದು ಬಾಲಿಕೆಯರಿಗೆ. ಬಾಗಿಲು ತೆರೆದವರು ದೊಡ್ಡವರು. ಪುಣ್ಯವಶಾತ್ ಆ ಪುಟ್ಟ ಸಂಭಾಷಣೆಗಳನ್ನು ಆಕೆ ಕೈಬಿಡಲಿಲ್ಲ; ನಾಟಕಗಳೂ ಹೊರಗಿನವರಿಲ್ಲದೆ ಶಾಲೆಯೊಳಗೆ ಮೆಲ್ಲಗೆ ನಡೆದುವು.

1715ರಲ್ಲಿ ಅರಸನು ಕಾಲವಾಗಲು ಆಕೆಯು ಸೆಂಸೀರಿನಲ್ಲಿಯೇ ನೆಲಸಿದಳು. ಮರುವರ್ಷ ಪ್ಯಾರಿಸಿನ ವೃತ್ತಿನಟರು ಅತಲ್ಯಳ ನಾಟಕವನ್ನು ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಆಡಿದರು. ಅದನ್ನು ಬರೆದವನು 1699ರಲ್ಲಿಯೇ ಗತಿಸಿದ್ದನು. 1719ನೆಯ ಇಸವಿ ಏಪ್ರಿಲ್ 15ರಂದು, ತನ್ನ 83ನೆಯ ವಯಸ್ಸಿನಲ್ಲಿ, ಮದಾಂ ದ ಮೆಂತೆನೋನಳು ಸೆಂಸೀರಿನಲ್ಲಿ ದೇಹಬಿಟ್ಟಳು. ಅಲ್ಲಿಯ ದೇವಾಲಯದಲ್ಲಿಯೇ, ಬಾಲಿಕೆಯರು ದಿನವೂ ಕೂಡಿ ಹಾಡುತ್ತಿದ್ದೆಡೆಯಲ್ಲಿ, ಆಕೆಯ ಸಮಾಧಿಯಾಯಿತು.