ಎಸ್. ಆರ್. ರಂಗನಾಥನ್ ಮತ್ತು ಗ್ರಂಥಾಲಯ ಕರ

ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರಲ್ಲಿ ಜನಿಸಿದ ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಪಂಚಸೂತ್ರಗಳಿಂದಲೂ ಕೋಲನ್ ವರ್ಗೀಕರಣದಿಂದಲೂ ವಿದ್ವತ್ ಲೋಕಕ್ಕೆ ಪರಿಚಿತರಾದ ಅವರನ್ನು, ಊರಿನ ಗ್ರಂಥಾಲಯದ ಕಟ್ಟಡಕ್ಕೂ ಪುಸ್ತಕಗಳಿಗೂ ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆಯೂ ಅಷ್ಟೇ ಆಳವಾಗಿ ಕಾಡಿತ್ತು. ದಾನಿಗಳ ಔದಾರ್ಯ ಸ್ಥಿರವಲ್ಲ; ಕಾನೂನಿನ ಬಲವುಳ್ಳ ಗ್ರಂಥಾಲಯ ಕರವೇ ಭದ್ರವಾದ ಆಧಾರವೆಂಬುದು ಅವರ ನಿಲುವು. ಅವರ ಪರಿಶ್ರಮ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆಯಲ್ಲಿ ಫಲಿಸಿತು.

1947ರಲ್ಲಿ ದೆಹಲಿ ವಿಶ್ವವಿದ್ಯಾಲಯಕ್ಕೆ ಬಂದ ರಂಗನಾಥನ್ ಅವರು, 1950ರಲ್ಲಿ ದೇಶಕ್ಕಾಗಿ 30 ವರ್ಷಗಳ ಗ್ರಂಥಾಲಯ ಯೋಜನೆಯೊಂದನ್ನು ಕರಡು ಮಸೂದೆಗಳ ಸಹಿತ ಪ್ರಕಟಿಸಿದರು. ಮರುವರ್ಷ ಯುನೆಸ್ಕೊ ಹಾಗೂ ಭಾರತ ಸರ್ಕಾರದ ನೆರವಿನಿಂದ ದೆಹಲಿ ಸಾರ್ವಜನಿಕ ಗ್ರಂಥಾಲಯವು ಆರಂಭವಾಯಿತು. ಅದು ಬೆಳೆದದ್ದು ಕರದಿಂದಲ್ಲ, ಕೇಂದ್ರದ ಅನುದಾನದಿಂದ. ರಾಜಧಾನಿಯಲ್ಲಿ ಕೈಗೂಡದ ವಿಚಾರಕ್ಕೆ ಕನ್ನಡನಾಡಿನಲ್ಲಿ ನೆಲೆ ದೊರೆಯಿತು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಭೂಮಿ ಮತ್ತು ಕಟ್ಟಡಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಸೇರಿಸಿತು.

1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಅವರು, 1972ರಲ್ಲಿ ಅಲ್ಲಿಯೇ ನಿಧನರಾದರು. ತಮ್ಮ ಉಳಿತಾಯವನ್ನೂ ಅವರು ಪತ್ನಿ ಶಾರದಾ ಅವರ ಹೆಸರನ್ನು ಸೇರಿಸಿ ಗ್ರಂಥಾಲಯ ವಿಜ್ಞಾನಕ್ಕೇ ಮುಡಿಪಾಗಿಟ್ಟರು. ಕಾಯಿದೆಯಾದ ಮಾತ್ರಕ್ಕೆ ಅವರ ಆಶಯ ಪೂರ್ಣವಾಗಿ ಈಡೇರಿತೆನ್ನಲಾಗದು. ಸ್ಥಳೀಯ ಸಂಸ್ಥೆಗಳು ಜನರಿಂದ ಪಡೆದ ಗ್ರಂಥಾಲಯ ಕರ ಸಕಾಲದಲ್ಲಿ ಗ್ರಂಥಾಲಯಕ್ಕೇ ಸಂದಾಗ ಮಾತ್ರ ಅದು ಸಾರ್ಥಕವಾಗುತ್ತದೆ.