ಸರ್ ಮಾರ್ಕ್ ಕಬ್ಬನ್: ಅಳೆಯುವ ಕೋಲು ಯಾವ ಕಾಲದ್ದು?

ಬೆಂಗಳೂರು: ನಗರದ ಪಶ್ಚಿಮ ಭಾಗದಲ್ಲಿರುವ ಆರ್‌ಪಿಸಿ ಲೇಔಟ್‌ಗೆ ಎರಡು ಹೆಸರುಗಳು. ಆಡುಮಾತಿನಲ್ಲಿ ಅದು ಆರ್‌ಪಿಸಿ ಲೇಔಟ್. ಅಂಚೆ ವಿಳಾಸದಲ್ಲಿ ಹಂಪಿನಗರ. ಇಲ್ಲಿನ ನಿವಾಸಿಗಳು ಸಮೀಪದ ಅತ್ತಿಗುಪ್ಪೆ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ರೈಲನ್ನೇರಿ ಪೂರ್ವದ ಕಡೆಗೆ ಹೊರಟರೆ, ನಿಲ್ದಾಣಗಳ ಹೆಸರುಗಳೇ ನಾಡಿನ ಚರಿತ್ರೆಯ ಪಾಠದಂತೆ ಒಂದೊಂದಾಗಿ ಕೇಳಿಬರುತ್ತವೆ. ಸಂಗೊಳ್ಳಿ ರಾಯಣ್ಣ, ಕೆಂಪೇಗೌಡ, ವಿಶ್ವೇಶ್ವರಯ್ಯ, ಅಂಬೇಡ್ಕರ್. ಅವರ ಬೆನ್ನಿಗೇ ಕಬ್ಬನ್.

ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೈಸೂರಿನ ಅರಸರಿಂದ ಆಡಳಿತವನ್ನು ಕಿತ್ತುಕೊಂಡದ್ದೂ ಅದೇ ಕಂಪನಿ. ಹಾಗೆ ಕಿತ್ತುಕೊಂಡ ರಾಜ್ಯವನ್ನು ಸುಮಾರು 27 ವರ್ಷಗಳ ಕಾಲ ಆಳಿದವರು ಸರ್ ಮಾರ್ಕ್ ಕಬ್ಬನ್. ಒಂದೇ ಟಿಕೆಟಿನ ಪ್ರಯಾಣದಲ್ಲಿ ಇಬ್ಬರ ಹೆಸರೂ ಎದುರಾಗುತ್ತದೆ. ಇದು ವಿಸ್ಮೃತಿಯೋ, ಔದಾರ್ಯವೋ?

ವಸಾಹತುಗಾರರನ್ನು ಇಂದಿನ ನೀತಿಯ ಕೋಲಿನಿಂದ ಅಳೆಯಬಹುದೇ ಎಂಬ ಚರ್ಚೆ ಜಗತ್ತಿನೆಲ್ಲೆಡೆ ನಡೆದಿದೆ. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಪ್ರತಿಭಟನಕಾರರು ಕೆಡವಿ ಬಂದರಿನ ನೀರಿಗೆ ತಳ್ಳಿದರು. ಅದೇ ತಿಂಗಳಲ್ಲಿ ಬೆಂಗಳೂರಿನ ಹೈಕೋರ್ಟ್ ಆವರಣದಲ್ಲಿದ್ದ ಕಬ್ಬನ್ ಪ್ರತಿಮೆಯನ್ನು ಉದ್ಯಾನದ ಒಳಭಾಗಕ್ಕೆ ಸ್ಥಳಾಂತರಿಸಲಾಯಿತು. ಎರಡೂ ಘಟನೆಗಳ ಹಿನ್ನೆಲೆ ಬೇರೆ. ಆದರೆ ಪ್ರಶ್ನೆ ಒಂದೇ: ಸತ್ತು ಶತಮಾನಗಳಾದ ಆಳರಸನಿಗೆ ನ್ಯಾಯ ಹೇಳುವವರು ಯಾರು? ಉತ್ತರಕ್ಕೆ ಕಬ್ಬನ್ ಅವರ ಬದುಕನ್ನೇ ಒಮ್ಮೆ ನೋಡುವುದು ಸೂಕ್ತ.

ಮ್ಯಾನ್ ದ್ವೀಪದಿಂದ ಮದರಾಸಿಗೆ

ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಪುಟ್ಟ ಮ್ಯಾನ್ ದ್ವೀಪ ಕಬ್ಬನ್ ಅವರ ತವರು. ತಂದೆ ಮೌಗೋಲ್ಡ್ ಎಂಬ ಊರಿನ ಚರ್ಚಿನ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್ ಕಂಪನಿಯ ಸೇನೆಯ ಅಧಿಕಾರಿ. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಸ್ಥಾನದಲ್ಲಿದ್ದು, ದಕ್ಷಿಣ ಭಾರತದ ಇತಿಹಾಸವನ್ನು ಬರೆದವರು. ಅಳಿಯನಿಗೆ ಮಾವನ ದಾರಿಯೇ ದಾರಿಯಾಯಿತು. 1800ರಲ್ಲಿ ಕಬ್ಬನ್ ಮದರಾಸು ಸೇನೆಗೆ ಕೆಡೆಟ್ ಆಗಿ ಸೇರಿ ಭಾರತಕ್ಕೆ ಬಂದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದು ಆಗಿನ್ನೂ ಒಂದು ವರ್ಷವಾಗಿತ್ತು.

ಕಬ್ಬನ್ ಅವರಿಗೆ ಹೆಸರು ತಂದದ್ದು ರಣರಂಗವಲ್ಲ, ಕಮಿಸರಿಯೇಟ್ ಇಲಾಖೆ. ಸೇನೆಗೆ ದವಸಧಾನ್ಯ, ಎತ್ತು, ಗಾಡಿಗಳನ್ನು ಹೊಂದಿಸುವ ಆ ಇಲಾಖೆಯಲ್ಲಿ ಲೆಕ್ಕ, ರಸ್ತೆ, ಸಾಗಣೆಗಳ ಮರ್ಮವನ್ನು ಅವರು ಕಲಿತರು. ವಿವಾಹವಾಗಲಿಲ್ಲ. ಅರುವತ್ತು ವರ್ಷ ತಾಯ್ನಾಡಿನತ್ತ ಮರಳಲೂ ಇಲ್ಲ.

ರೈತರ ಕೂಟ, ಅರಸರ ಪದಚ್ಯುತಿ

ಕಬ್ಬನ್ ಮೈಸೂರಿನ ಆಳರಸರಾದ ಬಗೆಯನ್ನು ತಿಳಿಯದೆ ಅವರನ್ನು ತೂಗುವುದು ಸಾಧ್ಯವಿಲ್ಲ. 1799ರಲ್ಲಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಪನಿಯು ಸಿಂಹಾಸನದಲ್ಲಿ ಕೂರಿಸಿತು. ಪ್ರತಿಯಾಗಿ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಪೊಗದಿ ತೆರಬೇಕಿತ್ತು. ಅಷ್ಟು ಹಣ ಸಂಗ್ರಹಿಸುವ ಭಾರ ಕೊನೆಗೆ ಬಿದ್ದದ್ದು ರೈತನ ಹೆಗಲ ಮೇಲೆ. ಅಮಲ್ದಾರರು ಇಂತಿಷ್ಟು ಕಂದಾಯ ಎತ್ತಿಕೊಡುವುದಾಗಿ ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುವ ಶರತ್ತು ಪದ್ಧತಿಯಲ್ಲಿ ಸುಲಿಗೆ ಮಿತಿಮೀರಿತು.

1830ರಲ್ಲಿ ನಗರ ಪ್ರಾಂತ್ಯದ, ಅಂದರೆ ಇಂದಿನ ಶಿವಮೊಗ್ಗ ಸೀಮೆಯ, ರೈತರು ಕೂಟ ಕಟ್ಟಿ ಕಂದಾಯ ಕೊಡುವುದನ್ನೇ ನಿಲ್ಲಿಸಿದರು. ಬೂದಿ ಬಸಪ್ಪ ಎಂಬಾತ ಬಿದನೂರಿನ ಗದ್ದುಗೆಗೆ ತಾನೇ ವಾರಸುದಾರನೆಂದು ಹೊರಟ. ತರೀಕೆರೆಯ ಪಾಳೆಯಗಾರರೂ ಕೈಜೋಡಿಸಿದರು. ಕಂಪನಿಯ ಸೇನೆ ಬಂದು ದಂಗೆಯನ್ನು ಅಡಗಿಸಿತು. ದುರಾಡಳಿತದ ಕಾರಣ ನೀಡಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಇಡೀ ರಾಜ್ಯದ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡರು. ಆಡಳಿತದ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಬಂತು.

ದಂಗೆಯ ಮೂಲವನ್ನು ಅರಿಯಲು ನೇಮಕವಾದ ನಾಲ್ವರ ಸಮಿತಿಯಲ್ಲಿ ಕಬ್ಬನ್ ಒಬ್ಬ ಸದಸ್ಯರಾಗಿದ್ದರು. ಸಮಿತಿಯ ವರದಿ ಹೊರಬಂದಾಗ ಅರಸರ ಮೇಲಿನ ಆಪಾದನೆಗಳು ಉತ್ಪ್ರೇಕ್ಷಿತವಾಗಿದ್ದವೆಂಬುದು ಕಂಡುಬಂತು. ಬೆಂಟಿಂಕ್ ಅವರಿಗೇ ತಮ್ಮ ಕ್ರಮದ ಬಗ್ಗೆ ಅಳುಕು ಹುಟ್ಟಿತು. ರಾಜ್ಯದ ಒಂದು ಭಾಗವನ್ನು ಅರಸರಿಗೆ ಮರಳಿಸುವ ಸಲಹೆಯನ್ನು ಅವರು 1834ರಲ್ಲಿ ಮುಂದಿಟ್ಟರು. ಲಂಡನ್ನಿನ ನಿರ್ದೇಶಕರು ಅದನ್ನು ಒಪ್ಪಲಿಲ್ಲ. ಅದೇ 1834ರಲ್ಲಿ ಕಬ್ಬನ್ ಮೈಸೂರಿನ ಏಕೈಕ ಕಮಿಷನರ್ ಆಗಿ ಅಧಿಕಾರ ವಹಿಸಿಕೊಂಡರು.

769 ತೆರಿಗೆಗಳ ಕಥೆ

ಆಡಳಿತಗಾರರಾಗಿ ಕಬ್ಬನ್ ಅವರ ದಕ್ಷತೆಯನ್ನು ಅಲ್ಲಗಳೆಯುವಂತಿಲ್ಲ. ಅವರ ಕಾಲದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769 ಎಂದು ಮೈಸೂರಿನ ಗೆಜೆಟಿಯರ್ ದಾಖಲಿಸುತ್ತದೆ. ಆ ಪಟ್ಟಿಯನ್ನು ಓದಿದರೆ ಅಂದಿನ ಬಡವನ ಪಾಡು ಕಣ್ಣಿಗೆ ಕಟ್ಟುತ್ತದೆ. ಮದುವೆಯಾದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ. ಅದಕ್ಕೆ ಹೆಸರಿಟ್ಟರೆ, ತಲೆಗೂದಲು ತೆಗೆಸಿದರೆ ಮತ್ತೆ ತೆರಿಗೆ. ಒಂದು ಹಳ್ಳಿಯವರಂತೂ, ಯಾವನೋ ಪಾಳೆಯಗಾರನ ಕಳೆದುಹೋದ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ತಪ್ಪಿಗೆ ತಲೆಮಾರುಗಳಿಂದ ಹಣ ಕಟ್ಟುತ್ತಿದ್ದರು. ನಗರ ಪ್ರಾಂತ್ಯದ ಒಂದು ನಿರ್ದಿಷ್ಟ ಜಾಗದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದವನೂ ದಂಡ ತೆರಬೇಕಿತ್ತು. ಇವೆಲ್ಲವೂ ಹೋದವು.

ರಾಜ್ಯವನ್ನು ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ, ನಗರ ಎಂಬ ನಾಲ್ಕು ವಿಭಾಗಗಳಾಗಿ ವಿಂಗಡಿಸಲಾಯಿತು. ಹಳ್ಳಿಯ ಹಳೆಯ ವ್ಯವಸ್ಥೆಗಳನ್ನು ಕಬ್ಬನ್ ಕೆಡವಲು ಹೋಗಲಿಲ್ಲ. ಅವುಗಳ ಮೂಲಕವೇ ಆಡಳಿತ ನಡೆಸಿದರು. ರಾಜ್ಯದ ಸಾಲ ತೀರಿತು. ಕಾಫಿಯ ಮೇಲಿನ ಸುಂಕ ಹಗುರಾಯಿತು. 1856ರ ವೇಳೆಗೆ ಸುಮಾರು 1,600 ಮೈಲಿ ರಸ್ತೆ, 309 ಸೇತುವೆಗಳು ನಿರ್ಮಾಣವಾಗಿದ್ದವು. ಪಶ್ಚಿಮ ಘಟ್ಟಗಳನ್ನು ಇಳಿಯುವ ದಾರಿಗಳು ಗಾಡಿ ಸಂಚಾರಕ್ಕೆ ತೆರೆದುಕೊಂಡವು. ತಂತಿ ಬಂತು, ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಹಳಿ ಹಾಸುವ ಕಾಮಗಾರಿ ಆರಂಭವಾಯಿತು. ಆ ರೈಲು ಓಡಿದ್ದು 1864ರಲ್ಲಿ, ಕಬ್ಬನ್ ತೀರಿಕೊಂಡ ಬಳಿಕ.

ಇಂದಿನ ರಾಜಭವನ ಕಬ್ಬನ್ ತಮಗಾಗಿ ಕಟ್ಟಿಸಿಕೊಂಡ ಬಂಗಲೆ. ಬೇಸಗೆಯಲ್ಲಿ ಅವರ ವಾಸ ನಂದಿಬೆಟ್ಟದ ಮೇಲೆ. ಅಲ್ಲಿನ ಮನೆಗೆ ಇಂದಿಗೂ ಅವರ ಹೆಸರೇ ಇದೆ. ಕುದುರೆಗಳೆಂದರೆ ಅಪಾರ ಪ್ರೀತಿ. ಅತಿಥಿ ಸತ್ಕಾರದಲ್ಲಿ ಧಾರಾಳಿ.

ಲೆಕ್ಕಪುಸ್ತಕದ ಇನ್ನೊಂದು ಪುಟ

ಇಲ್ಲಿಗೇ ನಿಲ್ಲಿಸಿದರೆ ಇದು ಸಜ್ಜನನೊಬ್ಬನ ಚರಿತ್ರೆ. ಆದರೆ ಲೆಕ್ಕಪುಸ್ತಕಕ್ಕೆ ಇನ್ನೊಂದು ಪುಟವೂ ಇದೆ.

ಮೊದಲನೆಯದು ಪೊಗದಿ. ಸಣ್ಣ ತೆರಿಗೆಗಳು ಹೋದವು, ಆದರೆ ಕಂಪನಿಗೆ ಸಲ್ಲಬೇಕಾದ 24.5 ಲಕ್ಷ ಹಾಗೆಯೇ ಉಳಿಯಿತು. ಒಪ್ಪಂದದ ಲೆಕ್ಕದಂತೆ ಕಬ್ಬನ್ ಅವರ 27 ವರ್ಷಗಳಿಗೆ ಈ ಮೊತ್ತ ಆರೂವರೆ ಕೋಟಿ ರೂಪಾಯಿಯನ್ನು ಮೀರುತ್ತದೆ. ನಗರದ ರೈತರು ಸಿಡಿದೆದ್ದುದಕ್ಕೆ ಯಾವ ಭಾರವು ದೂರದ ಕಾರಣವಾಗಿತ್ತೋ, ಅದನ್ನು ಇಳಿಸುವ ಅಧಿಕಾರ ಕಮಿಷನರ್‌ಗೆ ಇರಲಿಲ್ಲ.

ಎರಡನೆಯದು ಅಧಿಕಾರದ ಹಂಚಿಕೆ. ಅಮಲ್ದಾರನ ಮಟ್ಟದಲ್ಲಿ ನಮ್ಮವರಿದ್ದರು; ವಿಭಾಗಗಳ ಮೇಲಿನ ಸೂಪರಿಂಟೆಂಡೆಂಟ್ ಹುದ್ದೆಗಳು ಯುರೋಪಿಯನ್ನರಿಗೆ ಮಾತ್ರ. ಸರ್ಕಾರಿ ಶಿಕ್ಷಣ ಇಲಾಖೆ ರೂಪುಗೊಂಡದ್ದು 1857ರಲ್ಲಿ, ಕಬ್ಬನ್ ಆಳ್ವಿಕೆಯ ಇಪ್ಪತ್ಮೂರು ವರ್ಷಗಳು ಕಳೆದ ಮೇಲೆ.

ಮೂರನೆಯದು ಕೊಡಗು. 1834ರಲ್ಲಿ ಕಂಪನಿ ಕೊಡಗನ್ನು ಗೆದ್ದು ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳುಹಿಸಿತು. ಅಲ್ಲಿನ ಆಡಳಿತದ ಮೇಲುಸ್ತುವಾರಿಯೂ ಮೈಸೂರಿನ ಕಮಿಷನರ್‌ಗೇ ಸೇರಿತು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಸುಳ್ಯ ಮತ್ತು ಕೊಡಗಿನ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿದರು. ದಂಗೆ ಮುರಿಯಿತು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ನಾಲ್ಕನೆಯದು ಮೈಸೂರಿನ ಅರಮನೆ. ಅಧಿಕಾರ ಕಳೆದುಕೊಂಡಾಗ ಮುಮ್ಮಡಿಯವರಿಗೆ 37 ವರ್ಷ. ವಿದ್ವಾಂಸರನ್ನು, ಕಲಾವಿದರನ್ನು ಪೋಷಿಸುತ್ತಾ ಅವರು ರಾಜ್ಯವನ್ನು ಮರಳಿ ಕೊಡಿರೆಂದು ಮನವಿಯ ಮೇಲೆ ಮನವಿ ಬರೆದರು. ಒಂದಾದ ಮೇಲೊಂದರಂತೆ ಬಂದ ಗವರ್ನರ್ ಜನರಲ್‌ಗಳು ನಿರಾಕರಿಸಿದರು. ಮತ್ತೆ 37 ವರ್ಷ ಕಾದು, 1868ರಲ್ಲಿ ಅಧಿಕಾರವನ್ನು ಕಾಣದೆಯೇ ಅವರು ಕಣ್ಣುಮುಚ್ಚಿದರು. ಕಬ್ಬನ್ ಆಳ್ವಿಕೆ ಸುಗಮವಾದಷ್ಟೂ, ಅರಸರಿಗೆ ರಾಜ್ಯವನ್ನು ಮರಳಿಸುವ ಅಗತ್ಯವಿಲ್ಲವೆಂಬ ವಾದಕ್ಕೆ ಬಲ ಬಂತು. ಒಳ್ಳೆಯ ಆಡಳಿತವೇ ಅನ್ಯಾಯದ ಸಮರ್ಥನೆಯಾಯಿತು.

ರಾಜೀನಾಮೆ ಮತ್ತು ಕೊನೆಯ ಪಯಣ

ಕೊನೆಯಲ್ಲಿ ಅರಸರೂ ಕಮಿಷನರೂ ಒಂದೇ ಪಕ್ಷದಲ್ಲಿ ನಿಂತ ಪ್ರಸಂಗವೂ ಬಂತು. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಅಧೀನಕ್ಕೆ ಒಪ್ಪಿಸಲು ಕ್ಯಾನಿಂಗ್ ಆದೇಶಿಸಿದರು. ಅರಸರು ತೀವ್ರವಾಗಿ ವಿರೋಧಿಸಿದರು. ಕಬ್ಬನ್ ರಾಜೀನಾಮೆಯನ್ನೇ ಮುಂದಿಟ್ಟರು. ಆದೇಶ ರದ್ದಾಯಿತು. ಅದು ನಡೆದುಹೋಗಿದ್ದರೆ ಮೈಸೂರು ಪ್ರತ್ಯೇಕ ರಾಜ್ಯವಾಗಿ ಉಳಿಯುವುದೇ ಕಷ್ಟವಿತ್ತು.

1861ರ ಆರಂಭದಲ್ಲಿ, ಆರೋಗ್ಯ ಕುಸಿದಿದ್ದ ಕಬ್ಬನ್ ಬೆಂಗಳೂರನ್ನು ತೊರೆದು ತಾಯ್ನಾಡಿಗೆ ಹೊರಟರು. ಅವರು ಅದನ್ನು ಜೀವಂತವಾಗಿ ತಲುಪಲಿಲ್ಲ. ಏಪ್ರಿಲ್‌ನಲ್ಲಿ ಈಜಿಪ್ಟಿನ ಸೂಯೆಜ್‌ನಲ್ಲಿ ತೀರಿಕೊಂಡರು. ಪಾರ್ಥಿವ ಶರೀರವನ್ನು ಮ್ಯಾನ್ ದ್ವೀಪಕ್ಕೆ ಒಯ್ದು ಮೌಗೋಲ್ಡ್‌ನಲ್ಲಿ ಸಮಾಧಿ ಮಾಡಲಾಯಿತು.

ಹೆಸರು ಉಳಿದ ಬಗೆ

ತಮ್ಮ ಹೆಸರಿನ ಉದ್ಯಾನವನ್ನು ಕಬ್ಬನ್ ಕಂಡವರೇ ಅಲ್ಲ. ಅದು ರೂಪುಗೊಂಡದ್ದು 1870ರಲ್ಲಿ, ಮುಖ್ಯ ಇಂಜಿನಿಯರ್ ರಿಚರ್ಡ್ ಸ್ಯಾಂಕಿ ಅವರ ಯೋಜನೆಯಂತೆ. ಮೊದಲು ಅದನ್ನು ಕರೆದದ್ದು ಮೀಡ್ಸ್ ಪಾರ್ಕ್ ಎಂದು. ಬಳಿಕ ಕಬ್ಬನ್ ಹೆಸರು ಬಂತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ಸಂದರ್ಭದಲ್ಲಿ, ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಚಾಮರಾಜೇಂದ್ರರು ಮುಮ್ಮಡಿಯವರ ದತ್ತುಪುತ್ರ. 1881ರಲ್ಲಿ, ಐವತ್ತು ವರ್ಷಗಳ ನಂತರ, ರಾಜ್ಯ ಮರಳಿ ದೊರೆತದ್ದು ಇವರಿಗೇ. ತಂದೆಯಿಂದ ಹೋದದ್ದನ್ನು ಮರಳಿ ಪಡೆದ ಮಗನ ಹೆಸರು ಕಡತದಲ್ಲಿದೆ. ಜನರ ನಾಲಿಗೆಯಲ್ಲಿ ಉಳಿದದ್ದು ಮಾತ್ರ ಕಬ್ಬನ್. ಹಂಪಿನಗರವು ಆರ್‌ಪಿಸಿ ಲೇಔಟ್ ಆಗಿಯೇ ಉಳಿದ ಹಾಗೆ.

ಬೆಂಗಳೂರು ಎಲ್ಲ ವಸಾಹತು ಗುರುತುಗಳನ್ನೂ ಹೀಗೆ ಉಳಿಸಿಕೊಂಡಿಲ್ಲ. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಕಂಪನಿ ಸೈನಿಕರ ನೆನಪಿನ ಸ್ತಂಭವನ್ನು ಕನ್ನಡ ಹೋರಾಟಗಾರರ ಪ್ರತಿಭಟನೆಯ ನಂತರ 1964ರಲ್ಲಿ ಕೆಡವಲಾಯಿತು. ಕಬ್ಬನ್ ಅವರ ಅಶ್ವಾರೂಢ ಪ್ರತಿಮೆಗೆ ಆ ಗತಿ ಬರಲಿಲ್ಲ. ಶಿಲ್ಪಿ ಮಾರೊಕೆಟ್ಟಿ ರೂಪಿಸಿದ ಅದು ಮೊದಲು ದಂಡಿನ ಪರೇಡ್ ಮೈದಾನದಲ್ಲಿ, ನಂತರ ಅಠಾರಾ ಕಚೇರಿಯ ಎದುರು ನಿಂತು, ಈಗ ಮರಗಳ ನಡುವೆ ಇದೆ.

ಅಂದಿನ ಕೋಲು, ಇಂದಿನ ಕೋಲು

ಕಬ್ಬನ್ ಅವರನ್ನು ಅವರ ಕಾಲದ ಅಳತೆಯಿಂದಲೇ ನೋಡಬೇಕು ಎನ್ನುವವರಿದ್ದಾರೆ. ಆ ಮಾತನ್ನು ಒಪ್ಪಿಕೊಳ್ಳೋಣ. ಆದರೆ ಅವರ ಕಾಲ ಎಂದರೆ ಯಾರ ಕಾಲ? ಲಂಡನ್ನಿನ ನಿರ್ದೇಶಕರದ್ದು ಮಾತ್ರವೇ? ಕಂದಾಯ ನಿಲ್ಲಿಸಿದ ನಗರದ ರೈತನೂ ಅದೇ ಕಾಲದವನು. ಮನವಿ ಬರೆದ ಅರಸರೂ, ನೇಣಿಗೇರಿದ ಅಪ್ಪಯ್ಯಗೌಡರೂ ಅದೇ ಕಾಲದವರು. ಒಪ್ಪಿಗೆಯಿಲ್ಲದ ಆಳ್ವಿಕೆ ತಪ್ಪು ಎಂಬುದು ನಾವು ಇಂದು ಕಂಡುಹಿಡಿದ ನೀತಿಯಲ್ಲ. ಆಳಿಸಿಕೊಂಡವರು ಅದನ್ನು ಅಂದೇ ಹೇಳಿದ್ದರು. ಸ್ವತಃ ಬೆಂಟಿಂಕ್ ಅವರನ್ನೇ ಆ ಮಾತು ಕಾಡಿತ್ತು.

ಹಾಗೆಂದು ಕಬ್ಬನ್ ಅವರನ್ನು ಖಳನಾಯಕನ ಸಾಲಿಗೆ ತಳ್ಳುವುದೂ ಅದೇ ಕಾಲದ ಸಾಕ್ಷಿಗಳನ್ನು ಕಡೆಗಣಿಸಿದಂತೆ. ಮಗುವಿಗೆ ಹೆಸರಿಟ್ಟಿದ್ದಕ್ಕೆ ತೆರಿಗೆ ಕಟ್ಟಬೇಕಿಲ್ಲವೆಂದು ತಿಳಿದ ದಿನ ಆ ಬಡವನಿಗೆ ಆದ ನೆಮ್ಮದಿಯೂ ಸುಳ್ಳಲ್ಲ. ಅನ್ಯಾಯವಾಗಿ ದೊರೆತ ಅಧಿಕಾರವನ್ನು ಪ್ರಾಮಾಣಿಕವಾಗಿ ನಡೆಸಿದ ವ್ಯಕ್ತಿ ಎಂಬ ವಿವರಣೆ ಕಬ್ಬನ್ ಅವರಿಗೆ ಸರಿಹೊಂದೀತು. ಆ ವಾಕ್ಯದ ಎರಡು ಭಾಗಗಳಲ್ಲಿ ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ.

ಹೆಸರು ಉಳಿಯಬೇಕೇ, ಬದಲಾಗಬೇಕೇ ಎಂಬುದನ್ನು ನಗರದ ಜನರು ಕಾಲಕಾಲಕ್ಕೆ ನಿರ್ಧರಿಸಿಕೊಳ್ಳುತ್ತಾರೆ. ಹೆಸರಿನ ಜೊತೆಗೆ ಕಥೆ ಪೂರ್ತಿಯಾಗಿ ಉಳಿಯುವುದು ಅದಕ್ಕಿಂತ ಮುಖ್ಯ. ಅತ್ತಿಗುಪ್ಪೆಯಲ್ಲಿ ರೈಲು ಹತ್ತುವ ಶಾಲಾ ಬಾಲಕಿಯೊಬ್ಬಳು ಈ ಕಬ್ಬನ್ ಯಾರೆಂದು ಕೇಳಿದರೆ, 1,600 ಮೈಲಿ ರಸ್ತೆಯ ಜೊತೆಗೆ 37 ವರ್ಷ ಕಾದ ಅರಸರ ವಿಷಯವನ್ನೂ, ನಾಲ್ಕು ನಿಲ್ದಾಣ ಹಿಂದೆ ಕೇಳಿಬಂದ ರಾಯಣ್ಣನ ಹೆಸರಿನ ಕಾರಣವನ್ನೂ ಹೇಳಬಲ್ಲ ಹಿರಿಯರು ಪಕ್ಕದಲ್ಲಿರಬೇಕು.