ಸರ್ ಅಲೆಕ್ಸಾಂಡರ್ ಫ್ಲೆಮಿಂಗ್

ಮಳೆಗಾಲ ಬಂತೆಂದರೆ ನಮ್ಮ ಜೋಗೇಶ್ವರಿಯ ಮನೆಮನೆಗಳಲ್ಲಿ ಜ್ವರ, ಕೆಮ್ಮು, ಗಂಟಲುನೋವು ತಲೆದೋರುತ್ತವೆ. ತರಗತಿಯ ಬೆಂಚುಗಳು ಬರಿದಾಗುತ್ತವೆ. ಆಗ ವೈದ್ಯರು ಕೊಡುವ ಗುಳಿಗೆಗಳಲ್ಲಿ ಕೆಲವು ಪ್ರತಿಜೀವಕ, ಅಂದರೆ ಆಂಟಿಬಯಾಟಿಕ್ ವರ್ಗಕ್ಕೆ ಸೇರಿರುತ್ತವೆ. ಆ ವರ್ಗದ ಸುಪ್ರಸಿದ್ಧ ಔಷಧವಾದ ಪೆನಿಸಿಲಿನ್ನನ್ನು ಕಂಡುಹಿಡಿದ ಮಹನೀಯನ ಜೀವನವನ್ನು ವಿದ್ಯಾರ್ಥಿಗಳು ತಿಳಿದಿರುವುದು ಅವಶ್ಯಕ.

ಅಲೆಕ್ಸಾಂಡರ್ ಫ್ಲೆಮಿಂಗನು ೧೮೮೧ನೆಯ ಇಸವಿ ಆಗಸ್ಟ್ ೬ರಂದು ಸ್ಕಾಟ್ಲೆಂಡಿನ ಒಂದು ಒಕ್ಕಲುಮನೆಯಲ್ಲಿ ಜನಿಸಿದನು. ಏಳನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಹದಿಮೂರರ ಸುಮಾರಿಗೆ ಲಂಡನ್ನಿನಲ್ಲಿದ್ದ ಅಣ್ಣನ ಆಶ್ರಯಕ್ಕೆ ಬಂದು, ಕೆಲಕಾಲ ಓದಿ, ಹಡಗಿನ ಕಚೇರಿಯೊಂದರಲ್ಲಿ ಗುಮಾಸ್ತನಾದನು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿಶಾಲೆಯಲ್ಲಿ ಓದಿದ ಮುಂಬಯಿ ಕನ್ನಡಿಗರ ಬಾಳನ್ನು ಇದು ನೆನಪಿಗೆ ತರುತ್ತದೆ. ಬಂಧುವೊಬ್ಬನಿಂದ ಸ್ವಲ್ಪ ಹಣ ದೊರೆತಾಗ ಅವನು ಅದನ್ನು ವಿದ್ಯೆಗೆ ವಿನಿಯೋಗಿಸಿ, ೧೯೦೧ರಲ್ಲಿ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಶಾಲೆಯನ್ನು ಸೇರಿದನು.

ಮೊದಲನೆಯ ಮಹಾಯುದ್ಧದಲ್ಲಿ ಗಾಯಗಳು ಕೀತು ಸೈನಿಕರು ಸಾಯುವುದನ್ನು ಅವನು ಕಣ್ಣಾರೆ ಕಂಡನು. ಗಾಯಕ್ಕೆ ಸುರಿಯುತ್ತಿದ್ದ ಉಗ್ರ ಔಷಧಗಳು ರೋಗಾಣುಗಳಿಗಿಂತ ದೇಹವನ್ನೇ ಹೆಚ್ಚಾಗಿ ಬಾಧಿಸುತ್ತಿದ್ದವು. ದೇಹವನ್ನು ಉಳಿಸಿ ರೋಗಾಣುವನ್ನು ಮಾತ್ರ ಕೊಲ್ಲುವ ವಸ್ತುವಿನ ಶೋಧ ಅಂದಿನಿಂದ ಅವನ ಬಾಳಿನ ಗುರಿಯಾಯಿತು.

೧೯೨೮ರ ಸೆಪ್ಟೆಂಬರಿನಲ್ಲಿ ಅವನು ರಜೆ ಮುಗಿಸಿ ಪ್ರಯೋಗಶಾಲೆಗೆ ಮರಳಿದನು. ರೋಗಾಣುಗಳನ್ನು ಬೆಳೆಸಿದ್ದ ಒಂದು ತಟ್ಟೆಯಲ್ಲಿ ಬೂಷ್ಟು ಹಿಡಿದಿತ್ತು. ಬೇರೊಬ್ಬನಾಗಿದ್ದರೆ ಅದನ್ನು ತೊಳೆದುಬಿಡುತ್ತಿದ್ದನೋ ಏನೋ! ಫ್ಲೆಮಿಂಗನು ನಿಂತು ನೋಡಿದನು. ಬೂಷ್ಟಿನ ಸುತ್ತ ರೋಗಾಣುಗಳು ಕರಗಿಹೋಗಿದ್ದವು. ಬೂಷ್ಟು ಸ್ರವಿಸುವ ಆ ರಸಕ್ಕೆ ಅವನು ಪೆನಿಸಿಲಿನ್ ಎಂದು ಹೆಸರಿಟ್ಟನು. ಆದರೆ ಅದನ್ನು ಶುದ್ಧಗೊಳಿಸುವುದು ಅವನಿಂದಾಗಲಿಲ್ಲ. ಆ ಕಾರ್ಯವನ್ನು ಹತ್ತು ವರ್ಷಗಳ ಬಳಿಕ ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು ಸಾಧಿಸಿದರು.

೧೯೪೧ರ ಫೆಬ್ರವರಿಯಲ್ಲಿ ಅವರು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೋಲೀಸಿನವನಿಗೆ ಈ ಔಷಧವನ್ನು ಕೊಟ್ಟರು. ನಂಜೇರಿ ಸಾವಿನಂಚಿನಲ್ಲಿದ್ದವನು ಚೇತರಿಸಿಕೊಂಡನು. ಆದರೆ ಕೆಲವೇ ದಿನಗಳಲ್ಲಿ ಔಷಧ ತೀರಿತು. ಅವನ ಮೂತ್ರದಿಂದಲೇ ಅದನ್ನು ಮರಳಿ ತೆಗೆದು ಕೊಟ್ಟರೂ ಸಾಲಲಿಲ್ಲ. ರೋಗವು ಮರುಕಳಿಸಿ, ಮಾರ್ಚಿಯಲ್ಲಿ ಆತನು ಮೃತನಾದನು. ಅರ್ಧ ಚಿಕಿತ್ಸೆಯ ಫಲವನ್ನು ಲೋಕವು ಅಂದೇ ಕಂಡಿತು.

೧೯೪೫ರಲ್ಲಿ ಫ್ಲೆಮಿಂಗ್, ಫ್ಲೋರಿ ಮತ್ತು ಚೈನರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಸಂದರ್ಭದ ಭಾಷಣದಲ್ಲಿ ಫ್ಲೆಮಿಂಗನು ಜಂಬ ಕೊಚ್ಚಲಿಲ್ಲ, ಎಚ್ಚರಿಕೆ ನೀಡಿದನು. ಗಂಟಲುನೋವಿನ ಮನುಷ್ಯನೊಬ್ಬನು ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಸೇವಿಸಿ, ರೋಗಾಣುಗಳಿಗೆ ಔಷಧವನ್ನು ಎದುರಿಸುವ ವಿದ್ಯೆ ಕಲಿಸುತ್ತಾನೆ. ಆ ರೋಗಾಣುಗಳೇ ಅವನ ಹೆಂಡತಿಗೆ ತಗಲಿ, ಪೆನಿಸಿಲಿನ್ನಿಗೆ ಬಗ್ಗದೆ ಅವಳನ್ನು ಬಲಿ ತೆಗೆದುಕೊಳ್ಳುತ್ತವೆ. ಇದು ಅವನು ಕಲ್ಪಿಸಿ ಹೇಳಿದ ದೃಷ್ಟಾಂತ. ೨೦೧೧ರ ಕೊನೆಯಲ್ಲಿ ನಮ್ಮ ಮುಂಬಯಿಯ ವೈದ್ಯರೇ, ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯರೋಗವನ್ನು ಕಂಡು ವರದಿ ಮಾಡಿದರು. ದೃಷ್ಟಾಂತವು ನಮ್ಮ ನೆರೆಗೇ ಬಂದಂತಾಯಿತು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಎರಡೇ ದಿನಕ್ಕೆ ಜ್ವರ ಬಿಟ್ಟಿತೆಂದು ಗುಳಿಗೆ ನಿಲ್ಲಿಸಿ, ಉಳಿದವನ್ನು ಉಪಕಾರವೆಂದು ಬಗೆದು ನೆರೆಮನೆಯವರಿಗೆ ಕೊಟ್ಟೆನು. ಅದು ಉಪಕಾರವಲ್ಲ. ವಿದ್ಯಾರ್ಥಿಗಳೇ, ವೈದ್ಯರು ಹೇಳಿದಷ್ಟು ಗುಳಿಗೆಯನ್ನು, ಹೇಳಿದ ಹೊತ್ತಿಗೆ, ಹೇಳಿದಷ್ಟು ದಿನ ಸೇವಿಸಿರಿ. ಅವರನ್ನು ಕೇಳದೆ ನಿಲ್ಲಿಸಬೇಡಿರಿ. ಉಳಿದುದನ್ನು ಕೂಡಿಡಬೇಡಿರಿ, ಹಂಚಬೇಡಿರಿ. ನೆಗಡಿ ಮತ್ತು ಫ್ಲೂ ವೈರಸ್ಸಿನಿಂದ ಬರುವ ಬೇನೆಗಳು. ಅವಕ್ಕೆ ಪ್ರತಿಜೀವಕವು ನಾಟದು. ಹಿಂದೆ ಯಾವುದಾದರೂ ಔಷಧದಿಂದ ಮೈಮೇಲೆ ದದ್ದು ಎದ್ದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ಗುಳಿಗೆ ನುಂಗಿದ ಬಳಿಕ ಮುಖ ಬಾತರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗುಳಿಗೆಯ ಪಟ್ಟಿಯ ಮೇಲಿನ ಕೆಂಪು ಗೆರೆಯು, ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಳ್ಳಬಾರದೆಂದು ಸಾರುತ್ತದೆ. ಮನೆಯ ಹಿರಿಯರಿಗೂ ಅದನ್ನು ತೋರಿಸಿರಿ.

೧೯೫೫ರ ಮಾರ್ಚ್ ೧೧ರಂದು ಫ್ಲೆಮಿಂಗನು ಲಂಡನ್ನಿನಲ್ಲಿ ದೈವಾಧೀನನಾದನು. ಅದಕ್ಕೆ ಒಂದು ವರ್ಷ ಮೊದಲು, ೧೯೫೪ರಲ್ಲಿ, ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾಗಿತ್ತು. ಪೆನಿಸಿಲಿನ್ ನಮ್ಮ ನಾಡಿನಲ್ಲಿಯೇ ತಯಾರಾಗತೊಡಗಿತು. ಹೀಗೆ ಔಷಧವು ನಮ್ಮ ಮನೆಬಾಗಿಲಿಗೆ ಬಂದಿತು. ಅದರೊಡನೆ ಅವನು ಕೊಟ್ಟ ಎಚ್ಚರಿಕೆಯನ್ನೂ ಮನೆಯೊಳಕ್ಕೆ ಬರಮಾಡಿಕೊಳ್ಳುವುದು ನಮಗೆ ಸೇರಿದ ಕರ್ತವ್ಯ.